ನೆಲ ಡೊಂಕೇ ಇತ್ತು

ಜೂನ್ 2, ಬೆಳಿಗ್ಗೆ 8.15

ಆರರ ಬ್ಯಾಚು ಮುಗಿಯಿತು, ಏಳರದ್ದೂ ಮುಗಿಯಿತು. ಮುಂದಿನ ಕ್ಲಾಸಿಗೆ ಇನ್ನೂ ಹೊತ್ತಿದೆ. ಕಾರಿನಲ್ಲೇ ಕೂತು ಬರೆಯುತ್ತಿದ್ದೇನೆ, ಡೈರಿ ಸ್ಟೀರಿಂಗ್ ಮೇಲೆ.

ಅರ್ಜೆಂಟ್ ಸಾರ್ ಎಂದಿನಂತೆ ಅಕ್ಸಿಲರೇಟರ್ ಮೇಲೆ ಎದ್ದು ನಿಂತೇ ಗಾಡಿ ಓಡಿಸಿದರು. ಮೆಡಿಕಲ್ ಶಾಪಿನವರು. ಬಾಯಿ ತೆರೆದರೆ ‘ಅರ್ಜೆಂಟ್’. ಹೆಸರಿಟ್ಟವಳು ನಾನು, ಅವರಿಗೆ ಗೊತ್ತಿಲ್ಲ. ಬೀದಿನಾಯಿಗಳಿಗೂ ಅವರ ಸದ್ದು ಗುರುತು, ದೂರದಿಂದಲೇ ಎದ್ದು ಪಕ್ಕಕ್ಕೆ ಹೋಗುತ್ತವೆ. ಆದರೂ ಒಂದು ಒಪ್ಪಬೇಕು — ಗಾಡಿ ಒಂದು ಸಲವೂ ಆಫ್ ಮಾಡಲಿಲ್ಲ.

ಏಳರ ಬ್ಯಾಚಿನ ಟೀಚರಮ್ಮ ಮಾಡಿದರು. ಸಿಗ್ನಲ್ಲಿನಲ್ಲಿ, ಅದೂ ಬಸ್ಸಿನ ಮುಂದೆ. “ಮೇಡಂ, ಕಾರೇ ಏನೋ ಒಂಥರಾ ಮಾಡ್ತಿದೆ” ಅಂದರು. ಎಲ್ಲರಿಗೂ ಹೇಳುವುದನ್ನೇ ಹೇಳಿದೆ — ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪಾಪ, ನಕ್ಕರು. ಈ ಗಾದೆ ಒಂದಿಲ್ಲದಿದ್ದರೆ ನನ್ನ ಡ್ರೈವಿಂಗ್ ಸ್ಕೂಲು ಎಂದೋ ಮುಚ್ಚಿರುತ್ತಿತ್ತು. ಇಷ್ಟು ವರ್ಷದಲ್ಲಿ ಕೇಳದ ನೆವವಿಲ್ಲ. ಬಿಸಿಲು ಕಣ್ಣಿಗೆ ಹೊಡೆಯಿತು, ಚಪ್ಪಲಿ ಜಾರಿತು, ಸೀಟು ಎತ್ತರ, ನಿನ್ನೆ ನಿದ್ದೆಯಿಲ್ಲ. ತಪ್ಪು ಮಾತ್ರ ಯಾರ ಕಾಲಿನದೂ ಅಲ್ಲ.

ನಾಳೆಯಿಂದ ಅತ್ತಿಗೆ ಬರುತ್ತಾರೆ. ಬೇರೆಯವರಿಗೆ ಬೈದಷ್ಟು ಸಲೀಸಾಗಿ ಅವರಿಗೆ ಬೈಯಲಾದೀತೆ?

ಜೂನ್ 3

ಅತ್ತಿಗೆ ಹೊಸ ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದಿದ್ದರು. ಐವತ್ತು ದಾಟಿದ ಹೆಂಗಸು, ಶಾಲೆಗೆ ಮೊದಲ ದಿನ ಬಂದ ಮಗುವಿನ ಹಾಗೆ ಸೀಟಿನ ತುದಿಯಲ್ಲಿ ಕೂತರು. “ಪುಟ್ಟಿ, ಇಲ್ಲಿ ನಾನು ನಿನ್ನ ಮೇಡಂ ಅನ್ಬೇಕಾ?” ಅಂತ ಕೇಳಿದರು. ನಗು ತಡೆಯಲಾಗಲಿಲ್ಲ.

ಕಲಿಯುವುದು ಶೋಕಿಗಲ್ಲ. ಅಣ್ಣನಿಗೆ ಕತ್ತಲಲ್ಲಿ ಕಣ್ಣು ಕಾಣಿಸುತ್ತಿಲ್ಲ. ಕಣ್ಣಿನ ಡಾಕ್ಟರು ಹೇಳಿಬಿಟ್ಟಿದ್ದಾರೆ — ಹಗಲು ಓಡಿಸಿ, ಕತ್ತಲಲ್ಲಿ ಮಾತ್ರ ಸ್ಟೀರಿಂಗ್ ಮುಟ್ಟಬೇಡಿ. ಅಣ್ಣನದು ಬ್ರೆಡ್ ವ್ಯಾನು. ಬೇಕರಿಯಿಂದ ಸರಕು ತುಂಬಿ ಬೆಳಕು ಹರಿಯುವುದರೊಳಗೆ ಅಂಗಡಿಗಳಿಗೆ ಹಾಕಬೇಕು. ಹಗಲಾದ ಮೇಲೆ ಆ ಬ್ರೆಡ್ಡು ಯಾರಿಗೆ ಬೇಕು?

ಅದಕ್ಕೇ ಈಗ ಅತ್ತಿಗೆ ಪಕ್ಕದಲ್ಲಿ ಕೂತು ದಾರಿ ಹೇಳುತ್ತಾರೆ. “ಎಡಕ್ಕೆ ಸೈಕಲ್ಲು. ಮುಂದೆ ಗುಂಡಿ. ಸ್ವಲ್ಪ ತಡೀರಿ. ಈಗ ಹೋಗಿ.” ಕಣ್ಣು ಒಬ್ಬರದು, ಕೈ ಇನ್ನೊಬ್ಬರದು. ನೆನೆದರೆ ಮೈ ಜುಂ ಎನ್ನುತ್ತದೆ. ನಾನೇ ಬರುತ್ತೇನೆ ಎಂದರೆ ಅಣ್ಣ ಕೇಳುವುದಿಲ್ಲ. “ನಿನ್ನ ಆರು ಗಂಟೆ ಬ್ಯಾಚ್ ಬಿಟ್ಟು ನಮ್ಮ ಬ್ರೆಡ್ ಹೊರೋಕೆ ಬರ್ತೀಯಾ? ಸುಮ್ನಿರು.”

ಬೇಕರಿ ಮಾಲೀಕರಿಗೆ ವಿಷಯ ಗೊತ್ತಾಗಿದೆ. ಒಳ್ಳೆಯ ಮನುಷ್ಯ, ಒಮ್ಮೆಲೇ ತೆಗೆಯಲಿಲ್ಲ. ಜುಲೈ ಕೊನೆಯವರೆಗೆ ಗಡುವು. “ನಿಮ್ಮಿಬ್ಬರಲ್ಲಿ ಒಬ್ಬರಿಗಾದ್ರೂ ಕಣ್ಣು, ಲೈಸೆನ್ಸು ಎರಡೂ ಒಟ್ಟಿಗೆ ಇರ್ಬೇಕಪ್ಪಾ” ಅಂದರಂತೆ. ಇಲ್ಲದಿದ್ದರೆ ರೂಟು ಬೇರೆಯವರಿಗೆ.

ಮೊದಲ ಪಾಠ. ಕ್ಲಚ್ ಪೂರ್ತಿ ಒತ್ತಿ, ಫಸ್ಟ್ ಗೇರ್, ಕ್ಲಚ್ ನಿಧಾನ ಬಿಡುತ್ತಾ ಬನ್ನಿ, ಗಾಡಿ ಸಣ್ಣಗೆ ನಡುಗಿದಾಗ ತಡೆಯಿರಿ, ಅಕ್ಸಿಲರೇಟರ್ ಹಗುರಾಗಿ — ಹೂವಿನ ಮೇಲೆ ಕಾಲಿಟ್ಟ ಹಾಗೆ. ಅತ್ತಿಗೆ ಒಂದೊಂದನ್ನೂ ಬಾಯಲ್ಲಿ ಹೇಳಿಕೊಂಡು ಮಾಡಿದರು. ಆಫ್. ಮತ್ತೆ. ಆಫ್. ಮೊದಲ ದಿನ, ಪರವಾಗಿಲ್ಲ.

ಜೂನ್ 7

ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಲೈಟು ಹತ್ತಿಕೊಂಡಿದೆ. ಟೀಚರಮ್ಮ ಅದನ್ನೇ ನೋಡುತ್ತಾ ರಸ್ತೆ ಮರೆತು ತರಕಾರಿ ಗಾಡಿಯ ಹತ್ತಿರ ಹೋಗಿಬಿಟ್ಟರು. ನನ್ನ ಕಡೆ ಬ್ರೇಕ್ ಇಲ್ಲದಿದ್ದರೆ ಇವತ್ತು ಟೊಮೆಟೊ ಸಾರೇ.

ಬೋಲ್ಟು ಹತ್ತಿರ ಒಯ್ದೆ. ಮೆಕ್ಯಾನಿಕ್. ಸದಾ ಬಾಯಲ್ಲೊಂದು ಬೋಲ್ಟು ಕಚ್ಚಿಕೊಂಡೇ ಮಾತಾಡುವುದರಿಂದ ಊರಿಗೆಲ್ಲ ಅದೇ ಹೆಸರು. ಪ್ಲಗ್ ತೆಗೆದು ಉಜ್ಜಿ ಹಾಕಿದ. “ಕಲಿಯೋರ ಗಾಡಿ ಮೇಡಂ. ದಿನಾ ಹತ್ತು ಜನ ಒದೀತಾರೆ. ಲೈಟ್ ಹತ್ತದೆ ಇನ್ನೇನಾಗುತ್ತೆ?” ಸರಿಯೇ. ಸಾಯಂಕಾಲದ ಹೊತ್ತಿಗೆ ಲೈಟು ಮತ್ತೆ ಬಂತು. ಕಪ್ಪು ಟೇಪ್ ತುಂಡೊಂದನ್ನು ಅದರ ಮೇಲೆ ಅಂಟಿಸಿದೆ. ಕಲಿಯುವವರಿಗೆ ರಸ್ತೆ ಕಂಡರೆ ಸಾಕು.

ಮನೆಯವರು ಸಂಜೆ ಪೆಟ್ರೋಲ್ ಹಾಕಿಸಿಕೊಂಡು ಬಂದರು. ಸ್ಕೂಲಿನ ಫೋನು, ಫೀಸು, ಪೆಟ್ರೋಲು ಅವರ ಪಾಲು. ಕಲಿಸುವುದು, ಬೈಯುವುದು ನನ್ನದು. ಬೈಪಾಸಿನ ಆಚೆ ಹೊಸ ಬಂಕ್ ಹುಡುಕಿದಾಗಿನಿಂದ ಅವರ ನಡಿಗೆಯೇ ಬದಲಾಗಿದೆ. ಬೆಲೆ ಕಡಿಮೆಯಂತೆ, ಮೇಲೆ ಗಾಜನ್ನೂ ಒರೆಸಿ ಕಳಿಸುತ್ತಾರಂತೆ. “ಹನಿಗೂಡಿದರೆ ಹಳ್ಳ ಕಣೇ” ಎನ್ನುತ್ತಾ ಕೀಲಿ ತೂಗುಹಾಕಿದರು. ಗಾಜಂತೂ ನಿಜಕ್ಕೂ ಹೊಳೆಯುತ್ತಿತ್ತು.

ಜೂನ್ 12

ಅತ್ತಿಗೆ ಇವತ್ತು ಏಳು ಸಲವೋ ಎಂಟು ಸಲವೋ ಆಫ್ ಮಾಡಿದರು. ಎಣಿಸುವುದು ಬಿಟ್ಟೆ. ಸ್ಟೀರಿಂಗ್ ಚೆನ್ನಾಗಿದೆ, ಕನ್ನಡಿ ನೋಡುತ್ತಾರೆ, ಅಣ್ಣನಿಗೆ ದಾರಿ ಹೇಳಿ ಹೇಳಿ ರಸ್ತೆಯ ಕಣ್ಣಂತೂ ನನಗಿಂತ ಚುರುಕು. ಹೊರಡುವಾಗ ಮಾತ್ರ... ಕೊನೆಗೆ ಕೈ ಮಡಿಚಿಟ್ಟುಕೊಂಡು ಹೇಳಿದರು.

“ಪುಟ್ಟಿ, ನಾನು ಕಾಲು ಎತ್ತೋಕ್ಕಿಂತ ಮುಂಚೇನೇ ಗಾಡಿ ಒಂದ್ಸಲ ಬಿಕ್ಕುತ್ತೆ ಕಣೆ. ಆಮೇಲೆ ಆಫಾಗುತ್ತೆ.”

ನಾನು ಗಾದೆ ಹೇಳಿದೆ. ಬಾಯಿಗೆ ಅದೇ ಮೊದಲು ಬರುತ್ತದೆ. ಟೀಚರಮ್ಮನಂತೆ ಅತ್ತಿಗೆ ನಗಲಿಲ್ಲ. ಹೂಂ ಅಂದರು. ಮತ್ತೆ ಕ್ಲಚ್ ಒತ್ತಿದರು.

ಜೂನ್ 20

ಅಣ್ಣ ಫೋನಿನಲ್ಲಿ ಹೇಳಿ ನಕ್ಕಿದ್ದೇ ನಕ್ಕಿದ್ದು. ಅತ್ತಿಗೆ ಮನೆಯಲ್ಲಿ ಊಟದ ಮೇಜಿನ ಕೆಳಗೆ ಅವನ ಹಳೆಯ ಚಪ್ಪಲಿ ಎರಡನ್ನೂ ಇಟ್ಟುಕೊಂಡು ಕ್ಲಚ್, ಅಕ್ಸಿಲರೇಟರ್ ಅಭ್ಯಾಸ ಮಾಡುತ್ತಾರಂತೆ. ಒಂದು ಕಾಲು ಏಳುತ್ತದೆ, ಒಂದು ಕಾಲು ಇಳಿಯುತ್ತದೆ. ತಟ್ಟೆಯಲ್ಲಿದ್ದ ಅನ್ನ ಹಾಗೇ ಆರುತ್ತದೆ. “ಚಪ್ಪಲಿ ಆಫ್ ಆಗ್ಲಿಲ್ಲ ಇವತ್ತು, ಪಾಸ್ ಅಂತಿದ್ದಾಳೆ” ಅಂದ.

ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ನಗು ಬರಲಿಲ್ಲ.

ಜೂನ್ 26

ಜಿಟಿಜಿಟಿ ಮಳೆ ನಿಂತೇ ಇಲ್ಲ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುವುದಕ್ಕೇ ಹತ್ತಾರು ಸಲ ಕೀಲಿ ತಿರುಗಿಸಬೇಕು. ಥಂಡಿ ಅಂದುಕೊಂಡೆ. ಎಲ್ಲರೂ ಆಫ್ ಮಾಡುತ್ತಿದ್ದಾರೆ — ಈ ಬ್ಯಾಚೇ ಹೀಗೆ, ಒಬ್ಬರಿಗೂ ಕಾಲಿನ ಹದ ಇಲ್ಲ. ಅರ್ಜೆಂಟ್ ಸಾರ್ ಒಬ್ಬರು ಬಿಟ್ಟು.

ಅತ್ತಿಗೆಗೆ ಇವತ್ತು ಬೈದೆ. ಬರೆಯಲು ನಾಚಿಕೆ. “ಕಾಲಾ ಅದು, ಕಂಬವಾ?” ಅಂದೆ. ರಸ್ತೆ ಮಧ್ಯೆ, ಹಿಂದೆ ಲಾರಿಯವನು ಕೂಗುತ್ತಿದ್ದ. ಅತ್ತಿಗೆ ತಿರುಗಿ ನೋಡಲಿಲ್ಲ. ಕಿವಿ ಮಾತ್ರ ಕೆಂಪಾಯಿತು.

ಅವರು ಮದುವೆಯಾಗಿ ಮನೆಗೆ ಬಂದಾಗ ನನಗೆ ಭಾಗಾಕಾರ ಬರುತ್ತಿರಲಿಲ್ಲ. ಅಪ್ಪ ಕಿವಿ ಹಿಂಡಿ ಬಿಟ್ಟಿದ್ದರು, ಅಣ್ಣ ತಲೆಗೆ ಮೊಟಕಿ ಬಿಟ್ಟಿದ್ದ. ಕಲಿಸಿದವರು ಅತ್ತಿಗೆ. ಅಡುಗೆಮನೆಯ ಕಟ್ಟೆಯ ಮೇಲೆ ನನ್ನನ್ನು ಕೂರಿಸಿಕೊಂಡು, ಸ್ಲೇಟು ತೊಡೆಯ ಮೇಲಿಟ್ಟುಕೊಂಡು. ಒಂದು ದಿನವೂ ದನಿ ಏರಿಸಿದ್ದಿಲ್ಲ. ಆ ಹೆಂಗಸಿಗೆ ನಾನು ಕಂಬ ಅಂದೆ.

ಜುಲೈ 5, ಮಧ್ಯಾಹ್ನ

ಟೆಸ್ಟ್.

ಮೈದಾನದ ಕೊನೆಯಲ್ಲಿ ಸಿಮೆಂಟಿನ ಏರು. ಅರ್ಧ ಹತ್ತಿ ನಿಲ್ಲಿಸಬೇಕು, ಮತ್ತೆ ಹೊರಡಿಸಬೇಕು. ಒಂದು ಸಲ ಆಫ್ ಆದರೆ ಇನ್‌ಸ್ಪೆಕ್ಟರ್ ಏನೂ ಅನ್ನುವುದಿಲ್ಲ. ಗಾಡಿ ಹಿಂದಕ್ಕೆ ಜಾರಿದರೆ ಮುಗಿಯಿತು.

ಅರ್ಜೆಂಟ್ ಸಾರ್ ಹೋದರು, ಇಡೀ ಮೈದಾನಕ್ಕೆ ಕೇಳುವಂತೆ ಇಂಜಿನ್ ಅರಚಿಸಿದರು, ಜಿಗಿದು ಏರಿದರು. ಪಾಸು. ಇನ್‌ಸ್ಪೆಕ್ಟರ್ ಕಿವಿ ಉಜ್ಜಿಕೊಳ್ಳುತ್ತಾ ಇಳಿದರು.

ಅತ್ತಿಗೆ ಹೋದರು. ಹಗ್ಗ ಕಟ್ಟಿ ಎಳೆದ ಹಾಗೆ ನೇರ ಹೋಗಿ, ಗೆರೆಗೆ ಸರಿಯಾಗಿ ನಿಲ್ಲಿಸಿದರು. ಹೊರಡುವಾಗ ಆಫ್. ಸ್ಟಾರ್ಟ್ ಮಾಡಿದರು, ಆಫ್. ಮೂರನೇ ಸಲ ಗಾಡಿ ಹಿಂದಕ್ಕೆ ಬಂತು. ಇನ್‌ಸ್ಪೆಕ್ಟರ್ ಹ್ಯಾಂಡ್ ಬ್ರೇಕ್ ಎಳೆದರು. ನಾನು ನಿಂತಲ್ಲಿಂದ ಅತ್ತಿಗೆಯ ತುಟಿ ಕಂಡಿತು — ‘ಸಾರಿ ಸಾರ್’.

ಬರುವಾಗ ಹಿಂದಿನ ಸೀಟಿನಲ್ಲಿ ಕೂತಿದ್ದರು. “ನಿನ್ನ ಗಾಡಿ ಹಾಳಾಗ್ತಿದೆ ಪುಟ್ಟಿ ನನ್ನ ಕಾಲಿಂದ. ಇದು ನನ್ನ ಹಣೆಗೆ ಬರೆದಿಲ್ಲ ಬಿಡು.” ಮುಂದಿನ ಟೆಸ್ಟು ಇಪ್ಪತ್ತೆಂಟಕ್ಕೆ ಇದೆ ಅಂದೆ. ಕೇಳಿಸಲಿಲ್ಲ ಎನ್ನುವಂತೆ ಕಿಟಕಿಯಾಚೆ ನೋಡಿದರು. ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದರು.

ಜುಲೈ 12

ಅತ್ತಿಗೆ ಬಂದಿಲ್ಲ. ಫೋನೂ ತೆಗೆಯುವುದಿಲ್ಲ. ಅವರ ಹೊತ್ತಿನಲ್ಲಿ ಗಾಡಿ ನಿಲ್ಲಿಸಿಕೊಂಡು ಸುಮ್ಮನೆ ಕೂರುತ್ತೇನೆ.

ಅಣ್ಣನೇ ಫೋನ್ ಮಾಡಿದ. “ಬಲವಂತ ಮಾಡ್ಬೇಡ. ರೂಟು ಹೋದ್ರೆ ಹೋಗ್ಲಿ, ಏನಾದ್ರೂ ನೋಡ್ಕೊಳ್ಳೋಣ.” ಏನಾದರೂ ಅಂದರೆ ಏನು? ಆ ವಯಸ್ಸಿನಲ್ಲಿ, ಆ ಕಣ್ಣಿನಲ್ಲಿ?

ಆಮೇಲೆ ಹಾಗೇ, ಮಾತಿನ ಮಧ್ಯೆ ಹೇಳಿದ — ಇವತ್ತು ಬೆಳಿಗ್ಗೆ ವ್ಯಾನು ಕಂಬಕ್ಕೆ ತಾಗಿತಂತೆ. ಎಡಗಡೆಯ ಕನ್ನಡಿ ಹೋಯಿತು. ಅತ್ತಿಗೆ ಕೂತಿದ್ದ ಕಡೆ. ಗಾಜಿನ ಚೂರು ಅವರ ಮಡಿಲಿಗೇ. “ಹೇಳೋದು ಸ್ವಲ್ಪ ತಡ ಆಯ್ತು ಅವಳದು, ಅಷ್ಟೆ.” ಅಷ್ಟೆಯಂತೆ!

ಇವತ್ತಿಗೆ ಇಷ್ಟು ಸಾಕು. ನಾಳೆ ಬರೆಯುತ್ತೇನೆ.

ಜುಲೈ 14, ಸಂಜೆ

ನಿನ್ನೆ ಬರೆಯಲಿಲ್ಲ. ಇವತ್ತು ಬರೆಯದಿದ್ದರೆ ತಲೆ ಒಡೆಯುತ್ತದೆ.

ಮಧ್ಯಾಹ್ನ ಒಬ್ಬಳೇ ಗಾಡಿಯಲ್ಲಿ ಬರುತ್ತಿದ್ದೆ. ಫ್ಲೈಓವರ್ ನಡುವೆ ಗಾಡಿ ಬಿಕ್ಕಿತು. ಬೇರೆ ಪದ ಹೊಳೆಯಲಿಲ್ಲ. ಒಂದು ಸಲ ಬಿಕ್ಕಿತು, ಇನ್ನೊಂದು ಸಲ, ಆಮೇಲೆ ಉಸಿರು ಬಿಟ್ಟಿತು. ಕೀಲಿ ತಿರುಗಿಸಿದರೆ ಖರ್ ಖರ್. ಹಿಂದೆ ಸಾಲುಗಟ್ಟಿ ಹಾರ್ನು. ರೂಢಿಯಂತೆ ಪಕ್ಕಕ್ಕೆ ತಿರುಗಿದೆ, ಬೈಯಲು.

ಪಕ್ಕದ ಸೀಟು ಖಾಲಿ.

ಬೋಲ್ಟು ಹಗ್ಗ ತಂದು ಎಳೆದುಕೊಂಡು ಹೋದ. ಈ ಸಲ ಪ್ಲಗ್ಗಿನ ಕಡೆ ಹೋಗದೆ ಟ್ಯಾಂಕಿನಿಂದ ಪೆಟ್ರೋಲ್ ಇಳಿಸಿ ಒಂದು ಗಾಜಿನ ಬಾಟಲಿಗೆ ತುಂಬಿಸಿ ಬೆಂಚಿನ ಮೇಲಿಟ್ಟ. ಬಾಟಲಿಯೊಳಗೆ ಎರಡು ಪದರ. ಮೇಲೆ ಪೆಟ್ರೋಲು, ಕೆಳಗೆ ಅಚ್ಚ ನೀರು, ನಡುವೆ ಗೆರೆ ಎಳೆದ ಹಾಗೆ. ಮೇಲಿನದಾದರೂ ಸರಿಯಿದೆಯೇ ಎಂದರೆ ಅದೂ ಇಲ್ಲ, ಮೂಸಿದರೆ ಪೇಂಟ್ ಅಂಗಡಿಯ ವಾಸನೆ. ಫಿಲ್ಟರ್ ತೆಗೆದ. ಕಪ್ಪು ಕೆಸರು.

“ಎಲ್ಲಿ ಹಾಕಿಸ್ತೀರಾ ಮೇಡಂ? ಬೈಪಾಸ್ ಬಂಕಾ? ಈ ವಾರ ಇದು ಮೂರನೇ ಗಾಡಿ.” ಬಾಯಿಂದ ಬೋಲ್ಟು ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವನಿಗೂ ಇರಿಸುಮುರಿಸು. “ನಾನೂ ಅವತ್ತು ಸರಿಯಾಗಿ ನೋಡ್ಲಿಲ್ಲ. ಕಲಿಯೋರ ಗಾಡಿ ಅಂತ ಸುಮ್ನಾಗ್ಬಿಟ್ಟೆ. ಲೈಟ್ ಆದ್ರೂ ಹತ್ತಿರಬೇಕಲ್ಲ ಇಷ್ಟು ದಿನ?”

ಟೇಪ್ ಕಿತ್ತೆ. ಹಳದಿಯಾಗಿ ಉರಿಯುತ್ತಿತ್ತು.

ಬೇರೆಯವರ ಕಾರಾಗಿದ್ದರೆ ಎರಡೇ ದಿನದಲ್ಲಿ ಗೊತ್ತಾಗುತ್ತಿತ್ತು. ಬಿಕ್ಕಿದರೆ, ಕೆಮ್ಮಿದರೆ, ನಿಂತರೆ, ಗಾಡಿಗೇನೋ ಆಗಿದೆ ಎಂದು ಯಾರಾದರೂ ನೋಡುತ್ತಾರೆ. ಡ್ರೈವಿಂಗ್ ಸ್ಕೂಲಿನ ಕಾರು ಬಿಕ್ಕುವುದೇ, ನಿಲ್ಲುವುದೇ. ಅದರ ಕಾಯಿಲೆಯೆಲ್ಲ ಪಕ್ಕದಲ್ಲಿ ಕೂತವರ ತಲೆಗೆ.

ಜುಲೈ 15

ಒಂದು ಪ್ರಶ್ನೆ ರಾತ್ರಿಯಿಡೀ ಕೊರೆಯಿತು. ಇಷ್ಟು ದಿನ ನಾನೂ ಓಡಿಸಿದ್ದೇನಲ್ಲ. ನಿನ್ನೆಯವರೆಗೆ ನನ್ನ ಕೈಯಲ್ಲಿ ಯಾಕೆ ಆಫ್ ಆಗಲಿಲ್ಲ?

ಬೆಳಿಗ್ಗೆ ಗ್ಯಾರೇಜಿಗೆ ಹೋದೆ. ಟ್ಯಾಂಕ್ ತೊಳೆಯುವ ಮುಂಚೆ ಒಂದು ಸಲ, ಅದೇ ಪೆಟ್ರೋಲಿನಲ್ಲಿ ಓಡಿಸುತ್ತೇನೆ ಅಂದೆ. ಬೋಲ್ಟು ವಿಚಿತ್ರವಾಗಿ ನೋಡಿದ. ಇಳಿಸಿದ್ದನ್ನು ಸ್ವಲ್ಪ ವಾಪಸ್ ಸುರಿದ, ಹೇಗೋ ಸ್ಟಾರ್ಟ್ ಮಾಡಿಕೊಟ್ಟ.

ನನ್ನ ಪಾಡಿಗೆ ಹೊರಟೆ. ಹೊರಟಿತು. ನಿಲ್ಲಿಸಿದೆ.

ಈಗ ನನಗೆ ನಾನೇ ಪಾಠ ಹೇಳಿಕೊಂಡೆ, ಬಾಯಿಬಿಟ್ಟು. ಕ್ಲಚ್ ಪೂರ್ತಿ ಒತ್ತಿ. ಫಸ್ಟ್ ಗೇರ್. ನಿಧಾನ ಬಿಡುತ್ತಾ ಬನ್ನಿ. ನಡುಗಿದಾಗ ತಡೆಯಿರಿ. ಅಕ್ಸಿಲರೇಟರ್ ಹಗುರಾಗಿ, ಹೂವಿನ ಮೇಲೆ ಕಾಲಿಟ್ಟ ಹಾಗೆ. ಚಾಚೂ ತಪ್ಪದೆ ಮಾಡಿದೆ.

ಬಿಕ್ಕಿತು. ಆಫ್.

ಮತ್ತೆ. ಆಫ್.

ಮೂರನೇ ಸಲ ಪಾಠ ಬಿಟ್ಟು, ನನ್ನ ಕಾಲನ್ನು ಅದರ ಪಾಡಿಗೆ ಬಿಟ್ಟು, ಅದು ಏನು ಮಾಡುತ್ತದೆ ನೋಡಿದೆ. ಕಳ್ಳಕಾಲು! ಗಾಡಿ ಬಿಕ್ಕುವ ಮೊದಲೇ ಒಂದು ಚಿಟಿಕೆ ಜಾಸ್ತಿ ಒತ್ತುತ್ತದೆ. ಕ್ಲಚ್ಚನ್ನು ಇನ್ನೊಂದು ಕೂದಲೆಳೆಯಷ್ಟು ಹಿಡಿದಿರುತ್ತದೆ. ನನಗೆ ಹೇಳುವುದೂ ಇಲ್ಲ, ಕೇಳುವುದೂ ಇಲ್ಲ. ಇಷ್ಟು ವರ್ಷದ ಕಾಲು, ಗಾಡಿಯ ಕಾಯಿಲೆಯನ್ನು ನನಗೇ ತಿಳಿಯದ ಹಾಗೆ ಮುಚ್ಚಿಹಾಕುತ್ತಿತ್ತು.

ಅಂದರೆ ನಾನು ಕಲಿಸುವುದು ಒಂದು, ಮಾಡುವುದು ಒಂದು. ನನ್ನ ಮಾತು ಕೇಳದೆ ರಪ್ಪನೆ ಒತ್ತಿದ ಅರ್ಜೆಂಟ್ ಸಾರ್ ಪಾಸು. ನಾನು ಹೇಳಿದ್ದನ್ನು ಚಪ್ಪಲಿಗಳ ಮೇಲೆ ಅಭ್ಯಾಸ ಮಾಡಿ, ಹೇಳಿದಷ್ಟೇ ಮಾಡಿದ ಅತ್ತಿಗೆ ಫೇಲು. ಎಲ್ಲರಿಗಿಂತ ಚೆನ್ನಾಗಿ ಕಲಿತವರೇ ಎಲ್ಲರಿಗಿಂತ ಹೆಚ್ಚು ಬೈಸಿಕೊಂಡರು.

ಗ್ಯಾರೇಜಿನ ಮುಂದೆ ಕಾರಿನಲ್ಲಿ ಕೂತು ಅತ್ತುಬಿಟ್ಟೆ. ಬೋಲ್ಟು ಟೀ ತಂದುಕೊಟ್ಟು ಒಳಗೆ ಹೋದ. ಪೆಟ್ರೋಲ್ ಕೆಟ್ಟರೆ ಯಾರಾದರೂ ಅಳುತ್ತಾರೆಯೇ ಅಂದುಕೊಂಡಿರಬೇಕು.

ಜುಲೈ 16

ಮನೆಯವರಿಗೆ ಬಾಟಲಿ ತೋರಿಸಿದೆ. ಊಟದ ಮೇಜಿನ ಮೇಲೇ ಇಟ್ಟೆ. ಮೊದಲು ಮಳೆಯನ್ನು ದೂರಿದರು, ಆಮೇಲೆ ಬೋಲ್ಟುವನ್ನು, ಆಮೇಲೆ ಕಾಲವನ್ನು. “ಎಲ್ಲರೂ ಅಲ್ಲೇ ಹಾಕಿಸ್ತಿದ್ರಪ್ಪಾ, ನಾನೊಬ್ನೇನಾ?” ನನಗೆ ನೆವ ಕೇಳಿ ಕೇಳಿ ಅಭ್ಯಾಸವಿದೆ. ಕೊನೆಗೆ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ ಅವರೇ ಹೇಳಿದರು — “ಹನಿಗೂಡಿ ಹಳ್ಳ ಆಗಿದ್ದು ಟ್ಯಾಂಕಲ್ಲೇ ಅನ್ನು.” ನಗು ಬಂತು, ಕೋಪವೂ ಬಂತು. ತಪ್ಪನ್ನು ಇವರ ಮೇಲೆ ಎಷ್ಟು ಹಾಕಲಿ? ಅವರು ಹಾಕಿಸಿದ್ದು ನೀರು. ಕಂಬ ಅಂದವಳು ನಾನು.

ಬಂಕಿಗೆ ಹೋಗಿ ನೋಡಿಬಂದರು. ‘ರಿಪೇರಿ ಕೆಲಸ ನಡೆಯುತ್ತಿದೆ’ ಎಂಬ ಬೋರ್ಡು, ಒಳಗೆ ನರಪಿಳ್ಳೆಯಿಲ್ಲ.

ಟೀಚರಮ್ಮನಿಗೆ ಫೋನ್ ಮಾಡಿ ಹೇಳಿದೆ. “ಹಾಗಾದ್ರೆ ಆ ಗಾದೆ ವಾಪಸ್ ತಗೊಳ್ಳಿ ಮೇಡಂ” ಅಂದರು. ತೆಗೆದುಕೊಂಡೆ. ಅರ್ಜೆಂಟ್ ಸಾರ್‌ಗೂ ಮಾಡಿದೆ. ಹೊಸ ಕಾರು ತಂದು, ನಮ್ಮಲ್ಲಿ ಒತ್ತಿದ ಹಾಗೇ ಒತ್ತಿ, ಸ್ವಂತ ಮನೆಯ ಗೇಟನ್ನೇ ಮಲಗಿಸಿದ್ದಾರಂತೆ. ಬಂದು ಮೊದಲಿನಿಂದ ಕಲಿಯಿರಿ, ಫೀಸು ಬೇಡ ಅಂದೆ.

ಒಂದು ಮನೆ ಉಳಿಯಿತು. ಅಲ್ಲಿಗೆ ಫೋನು ಸಾಲದು.

ಜುಲೈ 17

ಹೋದೆ.

ಅತ್ತಿಗೆ ಅಂಗಳದಲ್ಲಿ ಬ್ರೆಡ್ಡಿನ ಟ್ರೇಗಳನ್ನು ಪೈಪ್ ಹಿಡಿದು ತೊಳೆಯುತ್ತಿದ್ದರು. ಅಣ್ಣ ವ್ಯಾನಿಗೆ ಹೊಸ ಕನ್ನಡಿ ಕೂರಿಸುತ್ತಿದ್ದ. ನಾನು ಎಲ್ಲ ಹೇಳಿದೆ. ಬಾಟಲಿ, ಟೇಪು, ನನ್ನ ಕಾಲು. ಅತ್ತಿಗೆ ಪೈಪು ನಿಲ್ಲಿಸಲಿಲ್ಲ. ತೊಳೆದ ಟ್ರೇಯನ್ನೇ ಮತ್ತೆ ತೊಳೆದರು.

“ಹಾಗಾದ್ರೆ ನನ್ನ ಕಾಲು ಸರಿಯಾಗೇ ಇತ್ತಾ?”

“ಇತ್ತು ಅತ್ತಿಗೆ.”

“ಎಲ್ಲಾ ಸಲಾನೂ?”

“ಎಲ್ಲಾ ಸಲ ಅಲ್ಲ. ರಿವರ್ಸಲ್ಲಿ ಅಲ್ಲ.”

ನಗುತ್ತಾರೆ ಅಂದುಕೊಂಡೆ. ಪೈಪು ಕೆಳಗೆ ಹಾಕಿದರು. ನೀರು ಅಂಗಳವೆಲ್ಲ ಹರಿಯಿತು.

“ಹೇಳಿದ್ನಲ್ಲೇ ನಿಂಗೆ. ಗಾಡಿ ಬಿಕ್ಕುತ್ತೆ ಅಂತ. ನನ್ನ ಕಾಲಿಗೆ ಗೊತ್ತಾಗಿತ್ತು. ನೀನು ಗಾದೆ ಹೇಳ್ದೆ. ಆಮೇಲಿಂದ ನಂಗೆ ನನ್ನ ಮೇಲೇ ಅನುಮಾನ. ಬಿಕ್ಕಿದ್ದು ಗಾಡಿನೋ ನಾನೋ ಅಂತ. ಕಾಲು ಬಿಡು, ಕಣ್ಣಿನ ಮೇಲೂ ಬಂತು. ಅವತ್ತು ಬೆಳಗ್ಗೆ ಆ ಕಂಬ ನಂಗೆ ಕಾಣ್ಸಿತ್ತು ಪುಟ್ಟಿ. ಚೆನ್ನಾಗೇ ಕಾಣ್ಸಿತ್ತು. ನಿಜವಾಗ್ಲೂ ಅಷ್ಟು ಹತ್ರ ಇದೆಯಾ, ನಾನೇ ತಪ್ಪು ನೋಡ್ತಿದೀನಾ ಅಂತ ಒಂದು ಗಳಿಗೆ ಯೋಚನೆ ಮಾಡ್ದೆ. ಅಷ್ಟರಲ್ಲಿ...”

ಅಣ್ಣ ಸ್ಕ್ರೂಡ್ರೈವರ್ ಹಿಡಿದುಕೊಂಡು ಹಾಗೇ ನಿಂತಿದ್ದ. ಅವನಿಗೂ ಇದು ಹೊಸ ಸುದ್ದಿ. ನನ್ನ ಒಂದು ಗಾದೆ ಎಲ್ಲಿಂದ ಎಲ್ಲಿಗೆ ಹೋಗಿ ಮುಟ್ಟಿತ್ತು!

ತಪ್ಪಾಯಿತು ಅಂದೆ.

“ತಪ್ಪಾಯ್ತು ಅಂದ್ರೆ ಮುಗೀತಾ? ಭಾಗಾಕಾರ ನಿಂಗೆ ಸರಿ ಬರದೇ ಇದ್ದಾಗ ನಾನು ಮೊದಲು ಏನ್ ಮಾಡ್ತಿದ್ದೆ, ಹೇಳು.”

ನೆನಪಾಯಿತು. “ಲೆಕ್ಕ ನೀವು ಬರೆದುಕೊಟ್ಟಿದ್ದು ಸರಿ ಇದೆಯಾ ಅಂತ ನೋಡ್ತಿದ್ರಿ.”

“ಹ್ಞಾಂ” ಅಂದರು ಅತ್ತಿಗೆ. ನಲ್ಲಿ ನಿಲ್ಲಿಸಿ ಬಂದರು. ಸೆರಗಿನಲ್ಲಿ ಕೈ ಒರೆಸಿಕೊಂಡರು. ಆಮೇಲೆ — “ಬರ್ತೀನಿ. ಆದ್ರೆ ನಿನ್ನ ಕಾಲು ಸೀಟಿನ ಮೇಲಿರ್ಬೇಕು, ಕೆಳಗಲ್ಲ. ಬಾಯಿ ಮುಚ್ಚಿರ್ಬೇಕು. ಬೀಗ ಬೇಕಾದ್ರೆ ನಾನೇ ಕೊಡ್ತೀನಿ.”

ಜುಲೈ 19

ಟ್ಯಾಂಕ್ ತೊಳೆದಾಗಿದೆ, ಫಿಲ್ಟರ್ ಹೊಸದು, ಪೆಟ್ರೋಲು ಹಳೆಯ ಬಂಕಿನದು. ಲೈಟಿನ ಮೇಲೆ ಟೇಪಿಲ್ಲ.

ನಾನು ಪಕ್ಕದ ಸೀಟಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆ, ಊಟಕ್ಕೆ ಕೂತವರ ಹಾಗೆ. ನನ್ನ ಬ್ರೇಕು, ನನ್ನ ಕ್ಲಚ್ಚು ಕೆಳಗೆ ಅನಾಥ. ಮಂಡಿ ಡ್ಯಾಶ್‌ಬೋರ್ಡಿಗೆ ತಾಗುತ್ತಿತ್ತು. ಎದುರಿನಿಂದ ಬಂದ ಆಟೋದವನು ನೋಡಿ ನಕ್ಕ. ನಗಲಿ.

ಅತ್ತಿಗೆ ಹೊರಟರು. ಹೂವಿನ ಮೇಲೆ ಕಾಲಿಟ್ಟ ಹಾಗೆ. ಗಾಡಿ ಬಿಕ್ಕಲಿಲ್ಲ. ಬೀದಿ ದಾಟಿತು, ಸಿಗ್ನಲ್ ದಾಟಿತು. ಅವರು ಒಂದು ಮಾತೂ ಆಡಲಿಲ್ಲ, ನಾನಂತೂ ಬೀಗ ಹಾಕಿಕೊಂಡವಳು. ಬಾಯಿ ಕಟ್ಟುವುದು ಕಾಲು ಕಟ್ಟುವುದಕ್ಕಿಂತ ಕಷ್ಟ ಎಂದು ಇವತ್ತು ಗೊತ್ತಾಯಿತು.

ಪಾರ್ಕಿನ ತಿರುವಿನಲ್ಲಿ ಆಫ್ ಆಯಿತು. ಮತ್ತೆ ಪೆಟ್ರೋಲಾ? ಅತ್ತಿಗೆ ಕೈ ಸ್ಟೀರಿಂಗ್ ಮೇಲಿಟ್ಟುಕೊಂಡು, ತಲೆ ವಾಲಿಸಿ, ನಡೆದದ್ದನ್ನು ಮನಸ್ಸಿನಲ್ಲಿ ಇನ್ನೊಮ್ಮೆ ಓಡಿಸಿ ನೋಡಿದವರಂತೆ ಕೂತರು. ಆಮೇಲೆ ಎದೆಗೆ ಬೆರಳಿಟ್ಟುಕೊಂಡು, “ಇದು ನಂದು” ಅಂದರು. “ಗಾಡೀದಲ್ಲ. ಕ್ಲಚ್ ಬೇಗ ಬಿಟ್ಟೆ.” ಎಷ್ಟು ಸಂತೋಷವಾಗಿ ಹೇಳಿದರೆಂದರೆ, ಕಳೆದುಹೋದ ಕೀಲಿ ಸಿಕ್ಕಿದವರಂತೆ. ಇಬ್ಬರೂ ನಕ್ಕೆವು. ಹಿಂದೆ ಹಾರ್ನ್ ಹೊಡೆಯುತ್ತಿದ್ದವರು ಹೊಡೆಯುತ್ತಲೇ ಇದ್ದರು.

ತಪ್ಪು ತನ್ನದೆಂದು ತಿಳಿಯುವುದರಲ್ಲೂ ಒಂದು ನೆಮ್ಮದಿ ಇದೆ. ಅದು ನಿಜಕ್ಕೂ ತನ್ನದಾಗಿದ್ದರೆ.

ಜುಲೈ 25

ಏರು ಅಭ್ಯಾಸ. ದಿನಕ್ಕೆರಡು ಹೊತ್ತು. ಬೆಳಗಿನ ಜಾವ ಈಗಲೂ ವ್ಯಾನಿನಲ್ಲಿ ಅದೇ ಕಣ್ಣು, ಅದೇ ಕೈ. ಆದರೆ ಈಗ ಅತ್ತಿಗೆ ಕೂಗಿಯೇ ಹೇಳುತ್ತಾರಂತೆ. “ಕಂಬ ಅಂದ್ರೆ ಪಕ್ಕದ ಬೀದೀಲಿ ಮಲಗಿದ್ದೋರೂ ಎದ್ದು ಪಕ್ಕಕ್ಕೆ ಹೋಗ್ಬೇಕು, ಹಾಗೆ ಕೂಗ್ತಾಳೆ” ಅಂತ ಅಣ್ಣ. ಬೇಕರಿ ಮಾಲೀಕರು ಇನ್ನೊಬ್ಬ ಡ್ರೈವರನ್ನು ಮಾತಾಡಿಸಿ ಇಟ್ಟಿದ್ದಾರೆ. ಅವರ ತಪ್ಪೇನೂ ಇಲ್ಲ. ಉಳಿದಿರುವುದು ಇದೊಂದೇ ಟೆಸ್ಟು.

ಜುಲೈ 28, ಬೆಳಿಗ್ಗೆ 10.40

ಮೈದಾನದ ಬೆಂಚು. ಡೈರಿ ಚೀಲದಲ್ಲಿ ಹಾಕಿಕೊಂಡು ಬಂದೆ, ಸುಮ್ಮನೆ ನೋಡುತ್ತಾ ಕೂರುವ ಶಕ್ತಿ ಇಲ್ಲ. ಅಣ್ಣ ಪಕ್ಕದಲ್ಲಿದ್ದಾನೆ. ಹಗಲು, ಅವನಿಗೆ ಕಾಣುತ್ತದೆ. ಆದರೂ “ಎಲ್ಲಿದ್ದಾಳೆ ಈಗ? ಹೇಳು” ಅನ್ನುತ್ತಾನೆ. ನೋಡುವ ಧೈರ್ಯವಿಲ್ಲ, ಕಣ್ಣು ಮುಚ್ಚಿಕೊಂಡಿದ್ದಾನೆ. ಸರಿ, ಇವತ್ತು ಇವನಿಗೆ ಕಣ್ಣು ನಾನು.

ಎಂಟರ ಆಕಾರದ ಸುತ್ತು ಮುಗಿಯಿತು. ರಿವರ್ಸ್ ಮುಗಿಯಿತು, ಸ್ವಲ್ಪ ಡೊಂಕು, ಪರವಾಗಿಲ್ಲ. ಈಗ ಏರು. ಅರ್ಧಕ್ಕೆ ಹತ್ತಿದರು. ಗೆರೆಗೆ ಸರಿಯಾಗಿ ನಿಂತರು. ಹ್ಯಾಂಡ್ ಬ್ರೇಕ್.

ಆಫ್.

ಅಯ್ಯೋ... ಅಣ್ಣ ನನ್ನ ತೋಳು ಹಿಡಿದಿದ್ದಾನೆ, ಅಕ್ಷರ ಸೊಟ್ಟಗಾಗುತ್ತಿದೆ. ಗಾಡಿ ಜಾರಿಲ್ಲ. ಅಲ್ಲೇ ಇದೆ. ಇನ್‌ಸ್ಪೆಕ್ಟರ್ ತಿರುಗಿ ಏನೋ ಕೇಳುತ್ತಿದ್ದಾರೆ. ಅತ್ತಿಗೆ ತಲೆ ವಾಲಿಸಿ ಕೂತಿದ್ದಾರೆ... ಈಗ ಎದೆಗೆ ಬೆರಳಿಟ್ಟು ಅವರಿಗೆ ಏನೋ ಹೇಳಿದರು. ನಗುತ್ತಿದ್ದಾರೆ! ಅತ್ತಿಗೆ ನಗುತ್ತಿದ್ದಾರೆ.

ನನ್ನ ಬಲಗಾಲು ಬೆಂಚಿನ ಕೆಳಗೆ ನೆಲವನ್ನು ಒತ್ತುತ್ತಿದೆ. ಕಳ್ಳಕಾಲು. ಎತ್ತಿ ಮೇಲಿಟ್ಟುಕೊಂಡೆ, ಇನ್ನೊಂದನ್ನೂ. ಚಕ್ಕಳಮಕ್ಕಳ.

ಸ್ಟಾರ್ಟ್ ಆಯಿತು. ಹ್ಯಾಂಡ್ ಬ್ರೇಕ್ ಇಳಿಯಿತು. ಗಾಡಿ ಹಿಂದಕ್ಕೆ — ಇಲ್ಲ. ಇಲ್ಲ ಅಣ್ಣ, ಕಣ್ಣು ಬಿಡು, ಮೇಲಕ್ಕೆ, ನಿಧಾನ, ಹೂವಿನ ಮೇಲೆ ಕಾಲಿಟ್ಟ ಹಾಗೆ, ಏರು ಹತ್ತಿಬಿಟ್ಟರು!